ಇದು ಯಾರಿಗೆ?

ನಮ್ಮೂರಿನಲ್ಲಿ ಯಾವುದನ್ನೂ ಸರಿಸಮನಾಗಿ ಎರಡು ಮಾಡಲು ಬರುವುದಿಲ್ಲ. ರೊಟ್ಟಿ ಮುರಿದರೆ ಒಂದು ತುಂಡು ದೊಡ್ಡದು, ಇನ್ನೊಂದು ಚಿಕ್ಕದು. ಒಂದು ಚೊಂಬು ಮಜ್ಜಿಗೆಯನ್ನು ಎಷ್ಟೇ ಜೋಪಾನವಾಗಿ ಎರಡು ಲೋಟಕ್ಕೆ ಬಗ್ಗಿಸಿದರೂ ಒಂದರಲ್ಲಿ ಮಜ್ಜಿಗೆ ಬೆರಳಿನಷ್ಟು ಮೇಲೆ ನಿಲ್ಲುತ್ತದೆ. ಶಾಲೆಗೆ ಹೋಗುವ ಹುಡುಗಿಯರ ಎರಡು ಜಡೆಗಳಲ್ಲಿ ಒಂದು ಹಗ್ಗದಷ್ಟು ದಪ್ಪ, ಇನ್ನೊಂದು ಹಲ್ಲಿಯ ಬಾಲ. ಅಂಗಡಿಯ ತಕ್ಕಡಿಗಳು ಎಂದೂ ಸಮ ನಿಂತವಲ್ಲ. ಅದಕ್ಕೇ ನಮ್ಮ ವ್ಯಾಪಾರಿಗಳು ಗಿರಾಕಿ ಬಾಯಿ ತೆರೆಯುವ ಮೊದಲೇ ಒಂದು ಹಿಡಿ ಕೊಸರು ಹಾಕಿ ಮಾತು ಮುಗಿಸುತ್ತಾರೆ. ಯಾಕೆ ಹೀಗೆ ಎಂದು ನಮ್ಮಲ್ಲಿ ಯಾರೂ ಕೇಳುವುದಿಲ್ಲ. ಹೊರಗಿನವರು ಕೇಳಿದರೆ, ‘ನಿಮ್ಮ ಎರಡು ಕಿವಿ ಒಂದೇ ಸಮ ಇದಾವಾ, ನೋಡ್ಕೊಳ್ಳಿ’ ಎಂದು ಅವರನ್ನೇ ಕನ್ನಡಿಯ ಮುಂದೆ ನಿಲ್ಲಿಸುತ್ತಾರೆ.

ದೊಡ್ಡ ತುಂಡಿಗೆ ಹಿರಿಪಾಲು, ಚಿಕ್ಕದಕ್ಕೆ ಕಿರಿಪಾಲು ಎಂದು ಹೆಸರು. ಯಾರಿಗೆ ಯಾವುದು ಎಂಬ ಜಗಳ ಹುಟ್ಟದಿರಲೆಂದು ಬೆನ್ನುಮಾತು ಎಂಬ ಪದ್ಧತಿ ಇದೆ. ಹಂಚಿಕೊಳ್ಳುವ ಇಬ್ಬರಲ್ಲಿ ಹಿರಿಯರು ಕತ್ತರಿಸಬೇಕು. ಮೂರನೆಯವರೊಬ್ಬರು ಬೆನ್ನು ತಿರುಗಿಸಿ ಕೂರಬೇಕು. ಕತ್ತರಿಸಿದವರು ಒಂದು ತುಂಡಿನ ಮೇಲೆ ಬೆರಳಿಟ್ಟು ‘ಇದು ಯಾರಿಗೆ?’ ಎನ್ನಬೇಕು. ಬೆನ್ನು ತಿರುಗಿಸಿದವರು ಇಬ್ಬರಲ್ಲಿ ಒಬ್ಬರ ಹೆಸರು ಹೇಳಿದರೆ ಮುಗಿಯಿತು, ಅದಕ್ಕೆ ಮೇಲ್ಮನವಿ ಇಲ್ಲ. ಇನ್ನೊಂದು ಕಟ್ಟಳೆಯೂ ಇದೆ. ಹಿರಿಪಾಲು ಬಂದವರು ‘ಅಯ್ಯೋ ಪಾಪ’ ಎಂದು ಅದರಲ್ಲಿ ಚೂರು ಮುರಿದು ಇನ್ನೊಬ್ಬರಿಗೆ ಕೊಡುವಂತಿಲ್ಲ. ಮುರಿದರೆ ಅಲ್ಲೂ ಒಂದು ದೊಡ್ಡದು, ಒಂದು ಚಿಕ್ಕದು. ಮತ್ತೆ ಬೆನ್ನು, ಮತ್ತೆ ಮಾತು. ಊಟ ಮುಗಿಯುವುದು ಯಾವಾಗ? ಬಂದದ್ದನ್ನು ಬಂದವರೇ ಪೂರ್ತಿ ತಿನ್ನಬೇಕು.

ಮನೆಯಲ್ಲಿ ನಾನೇ ಕಿರಿಯಳು. ನನ್ನ ನಂತರ ನಮ್ಮ ಬೀದಿಯಲ್ಲಿ ತೊಟ್ಟಿಲು ಕಟ್ಟಿದ ಮನೆ ಇರಲಿಲ್ಲವಾದ್ದರಿಂದ ಬೀದಿಗೂ ನಾನೇ ಕಿರಿಯಳು. ಹತ್ತು ಸಲ ಹಂಚಿದರೆ ಎಂಟು ಸಲ ಹಿರಿಪಾಲು ನನ್ನ ತಟ್ಟೆಗೇ ಬೀಳುತ್ತಿತ್ತು. ನಾನು ಅದೃಷ್ಟವಂತೆ ಎಂದು ನಂಬಿದ್ದೆ; ನಂಬಿದ್ದು ಸಾಲದೆಂದು ಹೇಳಿಕೊಂಡೂ ತಿರುಗುತ್ತಿದ್ದೆ. ಅಕ್ಕ ಜಲಜಾಕ್ಷಿ ನನಗಿಂತ ಎರಡು ವರ್ಷ ದೊಡ್ಡವಳು. ‘ನಿನ್ನ ಹಣೇಲಿ ಬರೆದೋನು ಪುರುಸೊತ್ತಾಗಿ ಕೂತು ಬರ್ದಿದಾನೆ ಕಣೇ ಚಂದ್ರಿ’ ಎನ್ನುತ್ತ ಅವಳು ತನ್ನ ಕಿರಿಪಾಲನ್ನು ಒಂದೇ ತುತ್ತಿಗೆ ಬಾಯಿಗೆ ಹಾಕಿಕೊಳ್ಳುತ್ತಿದ್ದಳು.

ನಮ್ಮದು ಅಪ್ಪ ಇಲ್ಲದ ಮನೆ. ಅಮ್ಮ ಪುಸ್ತಕ ಬೈಂಡು ಮಾಡುವ ಅಂಗಡಿ ನಡೆಸುತ್ತಿದ್ದಳು. ನಾನು ಪಿಯುಸಿ ಮುಗಿಸಿದ ವರ್ಷ ದೂರದ ವಿಶ್ವವಿದ್ಯಾಲಯದಿಂದ ಒಂದು ಕಾಗದ ಬಂತು. ಊಟ, ವಸತಿ, ಓದು ಎಲ್ಲ ಉಚಿತ. ಆದರೆ ಒಂದು ಮನೆಗೆ ಒಂದೇ ಸೀಟು, ಯಾರು ಬರುತ್ತೀರೆಂದು ನೀವೇ ತಿಳಿಸಿ ಎಂದು ಬರೆದಿದ್ದರು. ಅಕ್ಕ ಎರಡು ವರ್ಷದಿಂದ ಅರ್ಜಿ ಹಾಕಿ ಕಾಯುತ್ತಿದ್ದಳು. ನಾನು ಆ ವರ್ಷವಷ್ಟೇ ಹಾಕಿದ್ದೆ. ಅಮ್ಮನ ಕಣ್ಣಿಗೆ ಪೊರೆ ಬಂದು ಸೂಜಿಗೆ ದಾರ ಪೋಣಿಸುವುದೂ ಕಷ್ಟವಾಗಿದ್ದರಿಂದ ಒಬ್ಬಳು ಹೋದರೆ ಇನ್ನೊಬ್ಬಳು ಅಂಗಡಿ ಹಿಡಿಯಲೇಬೇಕಿತ್ತು.

ಬೆನ್ನು ತಿರುಗಿಸಲು ಪುರಿ ಮುದ್ದಮ್ಮನನ್ನು ಕರೆದರು. ಬೀದಿಯ ಮೂಲೆಯಲ್ಲಿ ಕಡ್ಲೆಪುರಿ ಮಾರುತ್ತಿದ್ದವಳು. ಬೀದಿಯ ಬೆನ್ನುಮಾತೆಲ್ಲ ಹೆಚ್ಚುಕಡಿಮೆ ಅವಳದೇ. ಅವಳು ಬಂದು ಗೋಡೆಗೆ ಮುಖ ಮಾಡಿ ಕೂತಳು. ಬೈಂಡಿಂಗ್ ಹಲಗೆಯ ಮೇಲೆ ಅಕ್ಕ ಒಂದು ಕಡೆ ಕಾಗದವನ್ನೂ ಇನ್ನೊಂದು ಕಡೆ ಅಂಗಡಿಯ ಬೀಗದ ಕೈಯನ್ನೂ ಇಟ್ಟಳು. ನಾನು ಕಣ್ಣು ಮುಚ್ಚಿಕೊಂಡೆ. ‘ಇದು ಯಾರಿಗೆ?’ ಎಂದು ಅಕ್ಕ ಕೇಳಿದ್ದು ಕೇಳಿಸಿತು. ದನಿ ಸ್ವಲ್ಪ ಎಳೆದಂತಿತ್ತು. ಒಲೆಯ ಮೇಲಿದ್ದ ಅಂಟಿನ ಹಬೆ ಗಂಟಲಿಗೆ ಹೋಗಿರಬೇಕು ಎಂದುಕೊಂಡೆ. ‘ಚಂದ್ರಿಗೆ’ ಎಂದಳು ಮುದ್ದಮ್ಮ. ಕಣ್ಣು ಬಿಟ್ಟರೆ ಅಕ್ಕನ ಬೆರಳು ಕಾಗದದ ಮೇಲಿತ್ತು.

ನಾನು ಕುಣಿದೆ. ಅದನ್ನು ಈಗ ನೆನೆದರೆ ನಾಚಿಕೆಯಾಗುತ್ತದೆ, ಆದರೆ ಕುಣಿದದ್ದು ನಿಜ. ಅಕ್ಕ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ‘ಅಂಟು ತಳ ಹಿಡೀತಿದೆ, ಯಾರಿಗೂ ವಾಸ್ನೆ ಬರಲ್ವಾ?’ ಎನ್ನುತ್ತ ಒಲೆಯ ಕಡೆ ಹೋದಳು. ಮರುವರ್ಷ ಅಮ್ಮ ತೀರಿಕೊಂಡಳು. ಅಂಗಡಿ ಅಕ್ಕನೊಬ್ಬಳದೇ ಆಯಿತು.

ವಿಶ್ವವಿದ್ಯಾಲಯದ ಊರಿನಲ್ಲಿ ಎಲ್ಲವೂ ಸರಿಸಮ ಎರಡಾಗುತ್ತಿತ್ತು. ಹಾಸ್ಟೆಲಿನ ಅಡುಗೆಯವರು ಚಪಾತಿಯನ್ನು ಎಡಗೈಯಲ್ಲೇ ಸರಿಯಾಗಿ ಅರ್ಧ ಹರಿಯುತ್ತಿದ್ದರು. ಮೊದಮೊದಲು ನನಗದು ಇಂದ್ರಜಾಲದಂತೆ ಕಂಡಿತು. ತಿಂಗಳು ಕಳೆದ ಮೇಲೆ ಏನೋ ಖಾಲಿ ಎನ್ನಿಸತೊಡಗಿತು. ಸಮವಾಗಿ ಹಂಚಿದರೆ ಒಬ್ಬರನ್ನೊಬ್ಬರು ನೋಡುವ ಅಗತ್ಯವೇ ಬೀಳುವುದಿಲ್ಲ. ಎಲ್ಲರೂ ತಮ್ಮ ಅರ್ಧ ತೆಗೆದುಕೊಂಡು ತಟ್ಟೆ ನೋಡುತ್ತ ತಿನ್ನುತ್ತಾರೆ.

ನನಗೆ ದಾರಿ ತೋರಿಸಿದವರು ವಾಮನ ಶಾನಭಾಗ ಸರ್. ಅವರದು ಅರ್ಥಶಾಸ್ತ್ರವೇ, ಆದರೆ ಬೇರೆ ಜಾತಿಯದು. ಜನ ಹೇಗೆ ಹಂಚಿಕೊಳ್ಳುತ್ತಾರೆ, ಯಾರನ್ನು ನಂಬುತ್ತಾರೆ, ಯಾವಾಗ ಮೋಸ ಮಾಡುತ್ತಾರೆ ಎಂಬುದನ್ನು ಪುಸ್ತಕದಲ್ಲಿ ಹುಡುಕದೆ ಜನರನ್ನೇ ಕೂರಿಸಿ, ಆಟ ಆಡಿಸಿ ನೋಡುತ್ತಿದ್ದರು. ಮೊದಲ ತರಗತಿಯಲ್ಲಿ ನಮ್ಮನ್ನು ಜೋಡಿ ಮಾಡಿ, ಪ್ರತಿ ಜೋಡಿಗೆ ಹತ್ತು ಪೆಪ್ಪರಮಿಂಟು ಇದೆ, ಜೊತೆಗಾರರಿಗೆ ಎಷ್ಟು ಕೊಡುತ್ತೀರಿ ಬರೆಯಿರಿ ಎಂದರು. ಅವರು ಬೇಡವೆಂದರೆ ಇಬ್ಬರಿಗೂ ಇಲ್ಲ. ಹೆಚ್ಚಿನವರು ಐದು ಎಂದು ಬರೆದರು. ನಾನು ‘ಬೆನ್ನು ತಿರುಗಿಸುವವರು ಯಾರು ಸರ್?’ ಎಂದು ಬರೆದೆ. ಸರ್ ಗಟ್ಟಿಯಾಗಿ ಓದಿದಾಗ ಇಡೀ ತರಗತಿ ನಕ್ಕಿತು. ಸರ್ ನಗಲಿಲ್ಲ. ಆ ಚೀಟಿಯನ್ನು ಮಡಚಿ ಜೇಬಿಗೆ ಹಾಕಿಕೊಂಡರು. ನನ್ನ ಮುಂದಿನ ಬದುಕೆಲ್ಲ ಆ ಜೇಬಿನಿಂದಲೇ ಬಂತು ಎಂದರೆ ತಪ್ಪಲ್ಲ.

ಪಿಎಚ್‌ಡಿಗೆ ಸೇರಿದಾಗ ಅವರು ನಮ್ಮೂರನ್ನು ನೋಡಲು ತಾವೇ ಬಂದರು. ರಸಾಯನಶಾಸ್ತ್ರದವರಿಂದ ಗಾಜಿನ ಪೆಟ್ಟಿಗೆಯ ತಕ್ಕಡಿಯೊಂದನ್ನು ಕಾಡಿ ಬೇಡಿ ತಂದು, ತೊಡೆಯ ಮೇಲೆ ಮಗುವಿನಂತೆ ಕೂರಿಸಿಕೊಂಡು ಬಸ್ಸಿನಲ್ಲಿ ಬಂದಿದ್ದರು. ನಮ್ಮ ಅಂಗಡಿಯ ಹಲಗೆಯ ಮೇಲೆ ಅದನ್ನಿಟ್ಟು ಕೊಬ್ಬರಿ ಮಿಠಾಯಿಯನ್ನು ನಲವತ್ತು ಸಲ ಕತ್ತರಿಸಿದರು. ಕಡೆಗೆ ಬೆವರು ಒರೆಸಿಕೊಂಡು, ‘ಇದು ಸಾಧ್ಯ ಇಲ್ಲ’ ಎಂದರು. ಅಕ್ಕ, ‘ಸಾಧ್ಯ ಇಲ್ದೇ ಇರೋದನ್ನ ಆಮೇಲೆ ನೋಡೋಣ, ಮೊದ್ಲು ಊಟಕ್ಕೇಳಿ ಸಾರ್’ ಎಂದಳು. ಊಟದ ಹೊತ್ತಿಗೆ ಅವರು ತಕ್ಕಡಿಗೆ ಬಟ್ಟೆ ಸುತ್ತಿಬಿಟ್ಟಿದ್ದರು.

ನನ್ನ ಪ್ರಯೋಗ ಸರಳವಾಗಿತ್ತು. ಲೋಕದಲ್ಲೆಲ್ಲ ನಾಣ್ಯ ಚಿಮ್ಮಿ ನಿರ್ಧರಿಸುವುದನ್ನು ನಮ್ಮೂರಿನವರು ಬೆನ್ನುಮಾತಿನಿಂದ ನಿರ್ಧರಿಸುತ್ತಾರೆ, ಇದು ಶುದ್ಧ ಅದೃಷ್ಟದ ಹಂಚಿಕೆ ಎಂದು ತೋರಿಸಬೇಕಿತ್ತು. ಅರವತ್ತು ಜೋಡಿಗಳನ್ನು ಕೂರಿಸಿದೆ. ಅಣ್ಣತಮ್ಮಂದಿರು, ಅತ್ತೆ ಸೊಸೆಯರು, ನೆರೆಹೊರೆಯವರು. ಪ್ರತಿ ಜೋಡಿಗೆ ಐದು ಸಲ ಕೊಬ್ಬರಿ ಮಿಠಾಯಿ. ಒಟ್ಟು ಮುನ್ನೂರು ಸಲ. ಅದೃಷ್ಟವೇ ಆಗಿದ್ದರೆ ನೂರೈವತ್ತರ ಆಸುಪಾಸಿನಲ್ಲಿ ಕಿರಿಯರಿಗೆ ಹಿರಿಪಾಲು ಹೋಗಬೇಕು. ಹೋದದ್ದು ಇನ್ನೂರ ನಲವತ್ತಮೂರು ಸಲ.

ಸರ್ ಅಂಕಿಗಳನ್ನು ನೋಡಿ ಕನ್ನಡಕ ತೆಗೆದರು. ‘ಚಂದ್ರಮತಿ, ಯಾರೋ ಕದ್ದು ನೋಡ್ತಿದಾರೆ. ಹೇಗೆ ಅಂತ ಕಂಡುಹಿಡೀರಿ. ಇಲ್ಲಾಂದ್ರೆ ಇದು ಪ್ರಬಂಧ ಅಲ್ಲ, ಮಿಠಾಯಿ ಹಂಚಿದ ವರದಿ.’ ನನ್ನ ಸಂಶೋಧನಾ ವೇತನ ನಿಲ್ಲಲು ನಾಲ್ಕೇ ತಿಂಗಳು ಬಾಕಿ ಇತ್ತು. ಕಾರಣ ಸಿಗದಿದ್ದರೆ ಪದವಿ ಇಲ್ಲ, ಪದವಿ ಇಲ್ಲದಿದ್ದರೆ ಕೆಲಸ ಇಲ್ಲ. ಅಕ್ಕನಿಗೆ ಸಿಗದೆ ನನಗೆ ಸಿಕ್ಕ ಸೀಟು ನೀರಿನಲ್ಲಿ ಹೋಮ ಮಾಡಿದಂತಾಗುತ್ತಿತ್ತು.

ಬೆನ್ನು ತಿರುಗಿಸಿದವರ ಕಣ್ಣು ಕಟ್ಟಿದೆ. ಅಂಕಿ ಬದಲಾಗಲಿಲ್ಲ. ಅವರನ್ನು ಪಕ್ಕದ ಕೋಣೆಯಲ್ಲಿ ಗೋಡೆಯ ಆಚೆ ಕೂರಿಸಿದೆ. ಬದಲಾಗಲಿಲ್ಲ. ಕಡೆಗೊಂದು ದಿನ ಕತ್ತರಿಸುವವರ ಕೈಗೆ ಪೂಜೆಯ ಗಂಟೆ ಕೊಟ್ಟು, ‘ಮಾತಾಡ್ಬೇಡಿ, ತುಂಡಿನ ಮೇಲೆ ಬೆರಳಿಟ್ಟು ಗಂಟೆ ಬಾರಿಸಿ’ ಎಂದೆ. ನೂರು ಸಲ ಮಾಡಿಸಿದೆ. ಕಿರಿಯರಿಗೆ ಹಿರಿಪಾಲು ಸಿಕ್ಕಿದ್ದು ಐವತ್ತೊಂದು ಸಲ!

ನಾನು ಹಿಗ್ಗಿದೆ, ಊರು ಮುನಿಯಿತು. ದರ್ಜಿ ಬೋರಲಿಂಗಯ್ಯನವರಿಗೆ ಗಂಟೆಯ ದೆಸೆಯಿಂದ ಮೂರು ಸಲ ಹಿರಿಪಾಲು ಬಂತು, ಎದುರಿಗೆ ಅವರ ತಮ್ಮ ಕೂತಿದ್ದ. ‘ನಂಗ್ಯಾಕವ್ವ ಇದು? ಅರವತ್ತು ವರ್ಷದಲ್ಲಿ ಇಂಥ ಅವಮಾನ ಆಗಿರ್ಲಿಲ್ಲ’ ಎಂದರು. ಆದರೂ ಕಟ್ಟಳೆ ಮೀರುವಂತಿಲ್ಲವಲ್ಲ, ಕಣ್ಣಲ್ಲಿ ನೀರು ತುಂಬಿಕೊಂಡು ಅಗಿದರು. ತಮ್ಮ ಆ ಕಡೆ ತಿರುಗಿ ಕೂತ. ನಾನು ಹೆಡ್ಡಿ, ನನ್ನ ಟಿಪ್ಪಣಿ ಪುಸ್ತಕದಲ್ಲಿ ‘ಹಿರಿಯರಿಗೆ ಕೊಬ್ಬರಿ ಮಿಠಾಯಿ ಸೇರುವಂತೆ ಕಾಣುವುದಿಲ್ಲ’ ಎಂದು ಬರೆದುಕೊಂಡೆ.

ಗುಟ್ಟು ದನಿಯಲ್ಲಿದೆ ಎಂಬುದಂತೂ ಗಂಟೆಯಿಂದ ಖಚಿತವಾಯಿತು. ಹಳೆಯ ಮುನ್ನೂರು ಸಲವನ್ನೂ ಟೇಪಿನಲ್ಲಿ ಹಿಡಿದಿದ್ದೆ. ಒಂದು ಮಧ್ಯಾಹ್ನ ಅಂಗಡಿಯ ಹಿಂಬದಿ ಕೋಣೆಯಲ್ಲಿ ಕೂತು ಕೇಳತೊಡಗಿದೆ. ಮುಂದುಗಡೆ ಅಕ್ಕ ಯಾವುದೋ ಶಾಲೆಯ ಹಾಜರಿ ಪುಸ್ತಕಗಳನ್ನು ಹೊಲಿಯುತ್ತಿದ್ದಳು. ದಬ್ಬಳ ಕಾಗದ ತೂರುವ ಸದ್ದು ಕೇಳಿಸುತ್ತಿತ್ತು. ಇಪ್ಪತ್ತೋ ಮೂವತ್ತೋ ಕೇಳಿದ ಮೇಲೆ ತಿಳಿಯಿತು. ಬೆರಳು ಕಿರಿಪಾಲಿನ ಮೇಲಿದ್ದಾಗ ಎಲ್ಲರೂ ಚುಟುಕಾಗಿ ‘ಇದು ಯಾರಿಗೆ?’ ಎನ್ನುತ್ತಿದ್ದರು; ಆಗ ಬೆನ್ನು ತಿರುಗಿಸಿದವರು ಕೇಳಿದವರ ಹೆಸರನ್ನೇ ಹೇಳುತ್ತಿದ್ದರು. ಬೆರಳು ಹಿರಿಪಾಲಿನ ಮೇಲಿದ್ದಾಗ ‘ಇದೂ ಯಾರಿಗೆ?’ ಎನ್ನುತ್ತಿದ್ದರು. ಆ ಉಕಾರ ಒಂದು ಕೂದಲೆಳೆಯಷ್ಟು ಉದ್ದ. ಆಗ ಬರುತ್ತಿದ್ದುದು ಕಿರಿಯರ ಹೆಸರು. ಹಾಗಾಗದೆ ತಪ್ಪಿದ ಐವತ್ತೇಳು ಸಲ ಬಹುಮಟ್ಟಿಗೆ ಆ ವಾರ ಮಾತು ಬಿಟ್ಟಿದ್ದ ಅಣ್ಣತಮ್ಮಂದಿರದು.

ಇದೂ ಎಂದರೆ ಇದು ಕೂಡ. ಇದು ಕೂಡ ನಿನಗೇ ಇರಲಿ.

ಟೇಪು ತಿರುಗುತ್ತಲೇ ಇತ್ತು, ನನಗೆ ಅದು ಕೇಳಿಸುತ್ತಿರಲಿಲ್ಲ. ಬೈಂಡಿಂಗ್ ಹಲಗೆ, ಅದರ ಮೇಲೊಂದು ಕಾಗದ, ಒಂದು ಬೀಗದ ಕೈ, ಎಳೆದ ಒಂದು ದನಿ. ಅಂಟಿನ ಹಬೆಯಲ್ಲ ಅದು. ಎರಡು ವರ್ಷ ಕಾದಿದ್ದವಳು ಬೆರಳನ್ನು ಕಾಗದದ ಮೇಲಿಟ್ಟು ‘ದೂ’ ಎಂದು ಎಳೆದಿದ್ದಳು. ನಾನು ಪಡೆದ ಪ್ರತಿಯೊಂದು ಅಂಕ, ಪ್ರತಿಯೊಂದು ಪುಸ್ತಕ ಆ ಒಂದು ದೀರ್ಘಕ್ಕೆ ನೇತುಬಿದ್ದಿತ್ತು. ಆಚೆ ದಬ್ಬಳದ ಸದ್ದು ಮಾತ್ರ ನಿಲ್ಲದೆ ಬರುತ್ತಿತ್ತು. ನಾನು ಬಾಯಿಗೆ ಸೆರಗು ತುರುಕಿಕೊಂಡು ಅತ್ತೆ.

ಮುಖ ತೊಳೆದುಕೊಂಡು ಮುದ್ದಮ್ಮನ ಹತ್ತಿರ ಓಡಿದೆ. ಅವಳು ಮೊರದಲ್ಲಿ ಪುರಿ ಕೇರುತ್ತಿದ್ದಳು.

‘ಮುದ್ದಮ್ಮಾ, ಆವತ್ತು ಅಕ್ಕ ಎಳೆದಿದ್ದು ನಿಂಗೆ ಗೊತ್ತಾಗಿತ್ತಾ?’

‘ಅಯ್ಯೋ ಶಿವನೇ, ಇವತ್ತು ಗೊತ್ತಾಯ್ತಾ ನಿಂಗೆ? ಇಷ್ಟು ಓದಿ?’ ಅವಳು ಮೊರ ಕೆಳಗಿಟ್ಟಳು. ‘ಊರಲ್ಲಿ ಯಾರಿಗ್ ಗೊತ್ತಿಲ್ಲ ಅದು? ತಮಗಿಂತ ಚಿಕ್ಕೋರು ಒಬ್ರು ಹುಟ್ಟಿದ್ರೆ ಸಾಕು, ನಾಲಿಗೆ ತಾನಾಗೇ ಎಳೆಯತ್ತೆ. ನೀನು ಕಡೆಯೋಳು, ಚಾಕು ಹಿಡಿಯೋಕೆ ಮುಂಚೆ ಊರು ಬಿಟ್ಟೆ. ನಿಂಗೆ ಯಾರು ಹೇಳ್ಬೇಕಿತ್ತು?’

‘ನಾನೀಗ ಹೋಗಿ ಅವಳ ಕಾಲಿಗೆ ಬೀಳ್ತೀನಿ.’

‘ಬಿದ್ದೀಯಾ, ಹುಷಾರು!’ ಎಂದು ಮುದ್ದಮ್ಮ ಗದರಿದಳು. ‘ಕೊಟ್ಟಿದ್ದು ತಾನು ಅಂತ ನಿಂಗೆ ತಿಳೀಬಾರ್ದು ಅಂತ್ಲೇ ಅಲ್ವಾ ಅವಳು ನನ್ನ ಬಾಯಲ್ಲಿ ಹೇಳ್ಸಿದ್ದು? ನೀನು ಥ್ಯಾಂಕ್ಸು ಗೀಂಕ್ಸು ಅಂದ್ರೆ ಅದು ಪಾಲಾಗಿ ಉಳಿಯಲ್ಲ ಮಗಾ, ಸಾಲ ಆಗೋಗತ್ತೆ. ಬಂದಿದ್ದನ್ನ ಪೂರ್ತಿ ತಿನ್ನು. ಅಷ್ಟೇ ನಿನ್ ಕೆಲ್ಸ.’

ಅದೃಷ್ಟದ ಕುರಿತು ಬರೆಯಹೊರಟ ಪ್ರಬಂಧವನ್ನು ಹರಿದು, ಕೊಟ್ಟವರ ಹೆಸರು ಹೇಳದ ಕೊಡುಗೆಯ ಕುರಿತು ಬರೆದೆ. ಸರ್‌ಗೆ ಎಲ್ಲವನ್ನೂ ಹೇಳಿದಾಗ ಅವರು ‘ನಮ್ಮಣ್ಣನ ನೆನಪಾಯ್ತು’ ಎಂದರಷ್ಟೆ. ಬರೆದರೆ ಊರಿನ ಕಿರಿಯರಿಗೆಲ್ಲ ಗುಟ್ಟು ತಿಳಿದುಹೋಗುತ್ತದಲ್ಲ ಎಂಬ ಅಳುಕು ನನಗಿತ್ತು. ಸರ್ ನಕ್ಕರು. ಊರಿನ ಹೆಸರು ಬಿಟ್ಟು ಇಂಗ್ಲಿಷಿನಲ್ಲಿ ಬರೆಯಿರಿ, ಸಂಶೋಧನಾ ಪತ್ರಿಕೆಗಿಂತ ಭದ್ರವಾಗಿ ಗುಟ್ಟು ಬಚ್ಚಿಡುವ ಜಾಗ ಲೋಕದಲ್ಲಿಲ್ಲ ಎಂದರು. ಅವರ ಮಾತು ಸುಳ್ಳಾಗಲಿಲ್ಲ. ಆ ಲೇಖನ ಅಚ್ಚಾದ ಮೇಲೆ ನಾಲ್ಕು ದೇಶಗಳಿಂದ ಕಾಗದ ಬಂದವು. ನಮ್ಮೂರಿನಲ್ಲಿ ಇಂದಿಗೂ ಕಿರಿಯರೆಲ್ಲ ಅದೃಷ್ಟವಂತರೇ.

ಪ್ರಬಂಧವನ್ನು ಬೈಂಡು ಮಾಡಲು ಬೇರೆ ಯಾರಿಗೆ ಕೊಡಲಿ? ಅಕ್ಕನಿಗೇ ತಂದುಕೊಟ್ಟೆ. ಎರಡು ಸಂಪುಟ, ಹೇಳಬೇಕಿಲ್ಲ, ಒಂದು ದಪ್ಪ ಒಂದು ತೆಳು. ಅವಳು ಹಾಳೆ ಜೋಡಿಸಿ, ಹೊಲಿದು, ನೀಲಿ ಕ್ಯಾಲಿಕೋ ಬಟ್ಟೆ ಅಂಟಿಸಿ, ಒತ್ತುಹಲಗೆಯಿಂದ ತೆಗೆದು ನನ್ನ ಮುಂದಿಟ್ಟಳು. ಪುಸ್ತಕದ ಬೆನ್ನನ್ನು ಅಂಗೈಯಿಂದ ಸವರುತ್ತ, ‘ಇನ್ನೂರು ಪುಟದ ಇಂಗ್ಲಿಷಲ್ಲಿ ಹೊಲೀತಾ ಹೊಲೀತಾ ನನ್ನ ಕಣ್ಣಿಗೆ ಬಿದ್ದಿದ್ದು ಕನ್ನಡದ ಎರಡೇ ಪದ’ ಎಂದಳು.

ಅಡಿಟಿಪ್ಪಣಿಯೊಂದರಲ್ಲಿ, ಉಚ್ಚಾರಣೆ ತಪ್ಪದಿರಲೆಂದು, ನಾನೇ ಕೈಯಿಂದ ಕನ್ನಡ ಅಕ್ಷರದಲ್ಲಿ ಬರೆದಿದ್ದೆ: ಇದು, ಇದೂ.

‘ಅಕ್ಕಾ, ನಿಂಗೆ ಹೋಗೋ ಆಸೆ ಇರ್ಲಿಲ್ವಾ?’

‘ಇತ್ತು. ತುಂಬಾ ಇತ್ತು.’ ಅವಳು ಅಂಚಿನಲ್ಲಿ ಉಳಿದಿದ್ದ ಅಂಟನ್ನು ಉಗುರಿನಿಂದ ಕೆರೆದಳು. ‘ಬೇಡದ್ದನ್ನ ಕೊಟ್ರೆ ಅದು ಹಂಚೋದಾ? ಅದು ಕಸ ಸಾಗಿಸೋದು ಕಣೇ. ಆರು ತಿಂಗಳು ಹೊಟ್ಟೆ ಉರೀತು. ಆಮೇಲೆ ಅಂಗಡಿ ನಂಗೆ ಹೊಂದ್ಕೊಳ್ತು. ಈ ಬೆನ್ನು ನೋಡು, ಇಷ್ಟು ನೆಟ್ಟಗೆ ಹೊಲಿಯೋರು ನಿನ್ನ ಯೂನಿವರ್ಸಿಟೀಲಿ ಯಾರಿದಾರೆ ತೋರ್ಸು.’

ನಾನು ಬಾಯಿ ತೆರೆದೆ. ‘ಏನೂ ಹೇಳ್ಬೇಡ’ ಎಂದು ಅವಳು ದಾರದ ಉಂಡೆಯನ್ನು ನನ್ನ ಕೈಗೆ ಹಾಕಿದಳು. ‘ಇದನ್ನ ಸುತ್ತು.’ ಸುತ್ತಿದೆ.

ಮೂವತ್ತನಾಲ್ಕು ವರ್ಷ ಪಾಠ ಮಾಡಿದೆ. ಹೊಸ ವಿದ್ಯಾರ್ಥಿಗಳಿಗೆ ಮೊದಲ ದಿನ ಪೆಪ್ಪರಮಿಂಟು ಹಂಚಿಸಿದೆ, ಅವರು ಬರೆದ ಪೆದ್ದು ಚೀಟಿಗಳನ್ನು ನಗದೆ ಜೇಬಿಗೆ ಹಾಕಿಕೊಂಡೆ. ಕೊಡುಗೆ, ಕೃತಜ್ಞತೆ ಎಂದು ಹತ್ತಾರು ದೇಶಗಳಲ್ಲಿ ಭಾಷಣ ಬಿಗಿದೆ. ಆದರೆ ರಜೆಗೆ ಊರಿಗೆ ಬಂದಾಗಲೆಲ್ಲ ಅಕ್ಕನೇ ಕತ್ತರಿಸುವಳು, ಅಕ್ಕನೇ ಎಳೆಯುವಳು, ಹಿರಿಪಾಲು ನನ್ನ ತಟ್ಟೆಗೇ. ಈಗ ಗೊತ್ತಿದ್ದೂ ಗೊತ್ತಿಲ್ಲದವಳಂತೆ ತಿನ್ನಬೇಕು. ಮೊದಲು ಅವಳ ಮುಖ ನೋಡದೆ ಗಬಗಬ ನುಂಗುತ್ತಿದ್ದೆ. ಬರಬರುತ್ತ ಖುಷಿಯಾಗಿ ತಿನ್ನುವುದನ್ನು ಕಲಿತೆ. ನಾನು ಕಲಿತ ವಿದ್ಯೆಗಳಲ್ಲಿ ಕಷ್ಟದ್ದು ಇದೇ. ಮರಳಿ ಕೊಡುವ ದಾರಿಯೇ ಇರಲಿಲ್ಲ, ಯಾಕೆಂದರೆ ನಾನು ಎಷ್ಟೇ ಮುದುಕಿಯಾದರೂ ಅಕ್ಕನಿಗಿಂತ ಎರಡು ವರ್ಷ ಚಿಕ್ಕವಳು, ಚಾಕು ಹಿರಿಯರದು.

ಮೊನ್ನೆ ನಿವೃತ್ತಳಾಗಿ ಊರಿಗೆ ಬಂದೆ. ಭಾವ ಹೊರಗಿನ ಊರಿನವರು, ಸಾಧು ಮನುಷ್ಯ. ಅಕ್ಕನನ್ನು ಮದುವೆಯಾಗಿ ಇಷ್ಟು ವರ್ಷವಾದರೂ ಅವರ ಬಾಯಲ್ಲಿ ಆ ‘ದೂ’ ಹೊರಡುವುದಿಲ್ಲ, ಯಾವುದಾದರೂ ತಗೋ ಎಂದು ಪೇಪರು ಓದುತ್ತ ಕೂರುತ್ತಾರೆ. ಅಕ್ಕ ಕೊಬ್ಬರಿ ಮಿಠಾಯಿ ಮಾಡಿಸಿಟ್ಟಿದ್ದಳು. ಮಧ್ಯಾಹ್ನ ಮುದ್ದಮ್ಮನನ್ನು ಕೈಹಿಡಿದು ಕರೆತಂದು ಗೋಡೆಯ ಕಡೆ ಮುಖ ಮಾಡಿ ಕೂರಿಸಿದೆವು. ಅವಳಿಗೀಗ ತೊಂಬತ್ತರ ಹತ್ತಿರ, ಕಿವಿ ಮಂದ. ಅಕ್ಕ ಚಾಕು ಎತ್ತಿಕೊಂಡಳು. ಎತ್ತಿದ್ದು ಕೈಯಿಂದ ಜಾರಿ ಹಲಗೆಯ ಮೇಲೆ ಬಿತ್ತು. ನಲವತ್ತು ವರ್ಷಕ್ಕೂ ಮೇಲೆ ದಬ್ಬಳ ಒತ್ತಿದ ಹೆಬ್ಬೆರಳು ಬುಡದಲ್ಲಿ ಊದಿಕೊಂಡು ಮಡಚಲು ಬರುತ್ತಿರಲಿಲ್ಲ.

‘ಈ ಹಾಳು ಬೆರಳು’ ಎಂದು ಮತ್ತೆ ಎತ್ತಲು ಹೋದಳು. ಮತ್ತೆ ಜಾರಿತು.

‘ಕೊಡಕ್ಕಾ ಇಲ್ಲಿ’ ಎಂದೆ.

ಅವಳು ನನ್ನನ್ನು ನೋಡಿದಳು. ಚಾಕುವನ್ನು ನೋಡಿದಳು. ಹಿರಿಯರಿರುವಾಗ ಕಿರಿಯರು ಕತ್ತರಿಸಿದ್ದನ್ನು ನಮ್ಮ ಬೀದಿಯಲ್ಲಿ ಯಾರೂ ಕಂಡಿರಲಿಲ್ಲ. ಆದರೆ ಹಿಡಿಯಲಾರದ ಕೈಗೆ ಯಾವ ಕಟ್ಟಳೆ? ‘ಹ್ಞೂಂ’ ಎಂದು ಹಲಗೆಯನ್ನು ನನ್ನ ಕಡೆ ತಳ್ಳಿದಳು.

ಅರವತ್ತನೇ ವಯಸ್ಸಿನಲ್ಲಿ ಮೊದಲ ಸಲ ಕತ್ತರಿಸಿದೆ. ಒಂದು ದೊಡ್ಡದು, ಒಂದು ಚಿಕ್ಕದು. ದೊಡ್ಡದರ ಮೇಲೆ ಬೆರಳಿಟ್ಟೆ. ಸಾವಿರಾರು ಸಲ ಟೇಪಿನಲ್ಲಿ ಕೇಳಿದ್ದೆ, ಅಳತೆ ಮಾಡಿದ್ದೆ, ಕೂದಲೆಳೆಯಷ್ಟು ಸಾಕು ಎಂದು ನಾನೇ ಬರೆದಿದ್ದೆ. ಬಾಯಿ ತೆರೆದರೆ ನಲವತ್ತಮೂರು ವರ್ಷ ಒಟ್ಟಿಗೆ ಬಂತು. ‘ಇದೂಊಊ ಯಾರಿಗೆ?’ ಎಂದು ಕೂಗಿಬಿಟ್ಟೆ. ಬೀದಿಯಲ್ಲಿ ಹೋಗುತ್ತಿದ್ದ ಸೊಪ್ಪಿನವಳು ನಿಂತು ನೋಡಿದಳು. ಭಾವ ಪೇಪರು ಕೆಳಗಿಳಿಸಿದರು.

‘ಕಿರಿಚ್ಬೇಡವೇ, ಕೇಳಿಸ್ತು’ ಎಂದಳು ಮುದ್ದಮ್ಮ ಗೋಡೆಗೆ. ‘ಜಲಜಾಕ್ಷಿಗೆ.’

ಅಕ್ಕ ಹಿರಿಪಾಲನ್ನು ಎಡಗೈಯಲ್ಲಿ ಎತ್ತಿಕೊಂಡು ತಿರುಗಿಸಿ ತಿರುಗಿಸಿ ನೋಡಿದಳು. ಬೇಡ ಎನ್ನುತ್ತಾಳೇನೋ ಎಂದು ನನಗೆ ಭಯವಾಯಿತು. ಅವಳು ತಿನ್ನತೊಡಗಿದಳು. ಸಾವಕಾಶವಾಗಿ ತಿಂದಳು, ಒಂದು ಚೂರೂ ಮುರಿದು ನನಗೆ ಕೊಡದೆ ಪೂರ್ತಿ ತಿಂದಳು. ಬೆರಳಿಗಂಟಿದ ಸಕ್ಕರೆಯನ್ನೂ ಬಿಡಲಿಲ್ಲ.

ಆಮೇಲೆ ಸೆರಗಿನಲ್ಲಿ ಬಾಯಿ ಒರೆಸಿಕೊಂಡು, ‘ಅಮ್ಮ ಹೋದ ಮೇಲೆ ನಂಗೆ ಹಿರಿಪಾಲು ಬಂದಿದ್ದು ಇವತ್ತೇ ಕಣೇ’ ಎಂದಳು.